ಸ್ಲಾವ್ಕಳ ಹೆಬ್ಬೆರಳು ಮತ್ತು ಬಿಸ್ತ್ರಾ ಹೊಳೆಯ ಕೆಂಪು ಹುಳ

ಸೋಫಿಯಾ ನಗರದ ಆ ಹಳೇ ಸಂಶೋಧನಾಲಯದ ಮೂರನೇ ಮಹಡಿಯಲ್ಲಿ ಡಾಕ್ಟರುಗಳು ಬಂದರು, ಹೋದರು. ಒಬ್ಬಿಬ್ಬರು ಹೆಸರನ್ನೂ ಮಾಡಿದರು. ಆದರೆ ಮೂವತ್ತೆಂಟು ವರ್ಷದಿಂದ ಅಲ್ಲಿ ನಿಜವಾದ ಕೆಲಸ ನಡೆದದ್ದು ಸ್ಲಾವ್ಕಳ ಬಲಗೈ ಹೆಬ್ಬೆರಳಿನಿಂದ. ಹಾಗೆಂದು ಸ್ಲಾವ್ಕಳೇ ಹೇಳುತ್ತಿದ್ದಳು, ದಿನಕ್ಕೆರಡು ಸಲ, ಕಾಫಿ ಕುಡಿಯುವಾಗ. ಯಾರೂ ಎದುರಾಡುತ್ತಿರಲಿಲ್ಲ. ಎದುರಾಡುವುದಕ್ಕೆ ಅದು ಸುಳ್ಳಾಗಿರಬೇಕಲ್ಲ.

ಅವಳ ಕೆಲಸ ಹುಳದ್ದು. ಹೊಳೆಯ, ಚರಂಡಿಯ ಕೆಸರಿನಲ್ಲಿ ಅರ್ಧ ಬೆರಳುದ್ದದ ಕೆಂಪು ಹುಳಗಳಿರುತ್ತವೆ. ಕಚ್ಚಲು ಬಾರದ ಒಂದು ಜಾತಿಯ ಸೊಳ್ಳೆಯ ಮರಿಗಳು ಅವು. ಗಾಳ ಹಾಕುವವರಿಗೆ ಅವು ಮೀನಿನ ಎರೆ. ಸ್ಲಾವ್ಕಳಿಗೆ ಅವು ಅನ್ನ. ಎರಡು ಸೂಜಿ ಹಿಡಿದು ಹುಳದ ತಲೆಯನ್ನು ಮೆಲ್ಲಗೆ ಎಳೆದರೆ ಜೊಲ್ಲಿನ ಗ್ರಂಥಿಗಳು ಜೊತೆಗೆ ಬರುತ್ತವೆ. ಅವನ್ನು ಗಾಜಿನ ಸ್ಲೈಡಿನ ಮೇಲೆ ನೇರಳೆ ಬಣ್ಣದ ಹನಿಯಲ್ಲಿ ನೆನೆಸಿ, ಮೇಲೆ ತೆಳು ಗಾಜು ಮುಚ್ಚಿ, ಹೀರುಕಾಗದ ಇಟ್ಟು ಹೆಬ್ಬೆರಳಿನಿಂದ ಒತ್ತಬೇಕು. ಅಷ್ಟೇ ಕೆಲಸ. ಒತ್ತಿದ್ದು ಕಡಿಮೆಯಾದರೆ ಎಲ್ಲ ಮುದ್ದೆಯಾಗಿ ಕೂತಿರುತ್ತದೆ, ಹೆಚ್ಚಾದರೆ ಚೂರುಚೂರು. ಹದ ಸಿಕ್ಕಿತೋ, ಮೈಕ್ರೋಸ್ಕೋಪಿನಡಿ ಹುಳದ ವರ್ಣತಂತುಗಳು ನಾಲ್ಕೂ ಬಿಡಿಸಿಕೊಂಡು ಮಲಗಿರುತ್ತವೆ.

ಬೇರೆ ಪ್ರಾಣಿಗಳ ವರ್ಣತಂತು ಎಳೆಯಷ್ಟು ಸಣ್ಣದು. ಈ ಹುಳದ್ದು ಹಾಗಲ್ಲ. ಸಾವಿರಾರು ಎಳೆ ಒಂದರ ಪಕ್ಕ ಒಂದು ಸೇರಿ ದಪ್ಪಗೆ, ಉದ್ದಕ್ಕೂ ಅಡ್ಡಪಟ್ಟೆ ಹೊತ್ತು, ಸ್ಲಾವ್ಕಳ ಅಜ್ಜಿ ಮಗ್ಗದಲ್ಲಿ ನೇಯುತ್ತಿದ್ದ ಉಣ್ಣೆಯ ನೆಲಹಾಸಿನಂತೆ ಕಾಣುತ್ತದೆ. ಯಾವ ಪಟ್ಟೆಯ ಪಕ್ಕ ಯಾವ ಪಟ್ಟೆ ಬರಬೇಕು ಎಂಬುದು ಅವಳಿಗೆ ಬಾಯಿಪಾಠ. ನಾಲ್ಕನೆಯದು ಎಲ್ಲಕ್ಕಿಂತ ಗಿಡ್ಡ. ಹುಳ ಸುಖವಾಗಿದ್ದರೆ ಅದರ ಮೇಲೆ ಎರಡು ಮೂರು ಕಡೆ ಹೂವರಳಿದಂತೆ ಉಬ್ಬಿರುತ್ತದೆ. ನೀರಿಗೆ ಲೋಹ ಸೇರಿದರೆ ಆ ಉಬ್ಬು ಬತ್ತುತ್ತದೆ. ಉಳಿದ ಮೂರರಲ್ಲಿ ಪಟ್ಟೆ ಮುರಿಯುತ್ತದೆ, ಇಲ್ಲವೇ ಮುರಿದ ತುಂಡು ತಲೆಕೆಳಗಾಗಿ ಮತ್ತೆ ಅಂಟಿಕೊಳ್ಳುತ್ತದೆ. ಹುಳ ಸಾಯುವುದಿಲ್ಲ, ಕೆಸರಿನಲ್ಲಿ ಎಂದಿನಂತೆ ಮೇಯುತ್ತಿರುತ್ತದೆ. ಹೊಳೆಯಲ್ಲಿ ಮೀನು ಸಾಯುವ ಎಷ್ಟೋ ಮೊದಲೇ ಅದರ ಒಳಗೆ ಸುದ್ದಿ ದಾಖಲಾಗಿರುತ್ತದೆ.

ಹಾಳಾದ ಹುಳ ಯಾವುದು ಎಂದು ಗೊತ್ತಾಗಬೇಕಾದರೆ ಹಾಳಾಗದ ಹುಳ ಬೇಕಲ್ಲ. ಅದು ಬರುತ್ತಿದ್ದದ್ದು ಸ್ಲಾವ್ಕಳ ತವರೂರು ದ್ರೆಂಕಾದಿಂದ. ಬೆಟ್ಟದ ಮೇಲಿನ ಆ ಹಳ್ಳಿಯ ಮಧ್ಯೆ ಬಿಸ್ತ್ರಾ ಎಂಬ ಪುಟ್ಟ ಹೊಳೆ ಹರಿಯುತ್ತದೆ. ಹೆಸರಿಗೇ ತಿಳಿನೀರು ಎಂದರ್ಥ. ಪ್ರತಿ ಮೇ ತಿಂಗಳು ಹಳೇ ಗಿರಣಿಯ ಮಡುವಿನಿಂದ ಅವಳು ಒಂದು ಬಾಟಲಿ ಹುಳ ತರುತ್ತಿದ್ದಳು. ಐವತ್ತು ಹುಳದಲ್ಲಿ ಒಂದೋ ಎರಡೋ ಕೆಟ್ಟಿರುತ್ತಿತ್ತು, ಅಷ್ಟು ಎಲ್ಲಿ ಹೋದರೂ ಇದ್ದದ್ದೇ. ತವರಿನ ನೀರಿನ ಬಗ್ಗೆ ಸ್ಲಾವ್ಕಳಿಗೆ ಇದ್ದ ಜಂಬ ಎಷ್ಟೆಂದರೆ, ಬಿಸ್ತ್ರಾದ ಸ್ಲೈಡುಗಳಿಗೆ ಅಂಟಿಸುವ ಚೀಟಿಗಳನ್ನು ಅವಳು ಹಿಂದಿನ ದಿನವೇ ಬರೆದಿಡುತ್ತಿದ್ದಳು. ಐವತ್ತು ಚೀಟಿ, ಐವತ್ತರಲ್ಲೂ ಅವಳ ದುಂಡಗಿನ ಅಕ್ಷರ: ‘ಬಿಸ್ತ್ರಾ, ಶುದ್ಧ’. ನೋಡುವ ಮೊದಲೇ ಬರೆಯುವುದು ಸರಿಯೇ ಎಂದು ಯಾರೂ ಕೇಳಲಿಲ್ಲ. ಅವಳಿಗೂ ಹೊಳೆಯಲಿಲ್ಲ.

ಅವಳು ನಿವೃತ್ತಿಯಾಗಬೇಕಿದ್ದ ವರ್ಷವೇ ಆ ತಕರಾರು ಬಂತು. ಬಿಸ್ತ್ರಾ ಬೆಟ್ಟವಿಳಿದು ದೊಡ್ಡ ಹೊಳೆಗೆ ಸೇರುತ್ತದೆ. ಅಲ್ಲಿಂದ ಸ್ವಲ್ಪ ಕೆಳಗೆ ನಲ್ಲಿ, ಹಿಡಿಕೆ ಇತ್ಯಾದಿಗಳಿಗೆ ಲೋಹದ ಮೆರುಗು ಕೊಡುವ ಒಂದು ಕಾರ್ಖಾನೆ. ಅದರ ಕೆಳಗೆ ಪಟ್ಟಣ. ಪಟ್ಟಣದ ನಾನೂರು ಮನೆಯವರು ಆ ಹೊಳೆಯ ನೀರನ್ನೇ ಹಿತ್ತಲ ಮೆಣಸಿನ ಗಿಡಕ್ಕೆ, ಟೊಮೆಟೊಗೆ ಹಾಯಿಸುತ್ತಿದ್ದರು. ಎರಡು ಬೇಸಿಗೆ ಗಿಡ ಮುರುಟಿದ ಮೇಲೆ ಅವರೆಲ್ಲ ಸೇರಿ ದೂರು ಕೊಟ್ಟರು. ಕಾರ್ಖಾನೆಯವರು ನಮ್ಮ ನೀರು ಶುದ್ಧ ಎಂದರು. ಜಿಲ್ಲಾಡಳಿತ ವಿಚಾರಣೆಗೆ ನವೆಂಬರಿನ ಒಂದು ದಿನ ಗೊತ್ತುಮಾಡಿ, ಹುಳ ಏನು ಹೇಳುತ್ತದೋ ನೋಡಿ ಎಂದು ಸಂಶೋಧನಾಲಯಕ್ಕೆ ಕಾಗದ ಬರೆಯಿತು. ಹೋಲಿಕೆಯ ಹುಳವೂ ಕಾರ್ಖಾನೆ ಕೆಳಗಿನ ಹುಳ ಹಿಡಿದ ವಾರದ್ದೇ ಆಗಿರಬೇಕು ಎಂಬ ಷರತ್ತು ಬೇರೆ. ಹಾಗಾಗಿ ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ಸ್ಲಾವ್ಕ ಮೇ ತಿಂಗಳು ಬಿಟ್ಟು ಅಕ್ಟೋಬರಿನಲ್ಲಿ ಹುಳಕ್ಕೆಂದು ತವರಿಗೆ ಹೋದಳು.

ಅಕ್ಟೋಬರ್ ಅಂದರೆ ದ್ರೆಂಕಾದಲ್ಲಿ ರಾಕಿಯಾ ಎಂಬ ಹಣ್ಣಿನ ಸಾರಾಯಿ ಇಳಿಸುವ ಕಾಲ. ಊರಿಗೆಲ್ಲ ಒಂದೇ ಭಟ್ಟಿಮನೆ, ಗಿರಣಿಯ ಮಡುವಿನ ಸ್ವಲ್ಪ ಮೇಲೆ, ಹೊಳೆಯ ದಂಡೆಯಲ್ಲೇ. ಒಳಗೆ ಹೆಂಗಸೊಬ್ಬಳು ಕೂರಬಹುದಾದಷ್ಟು ದೊಡ್ಡ ತಾಮ್ರದ ಹಂಡೆ. ಹುಳಿತ ಪ್ಲಮ್ ಹಣ್ಣಿನ ಪೀಪಾಯಿ ಉರುಳಿಸಿಕೊಂಡು ಮನೆಗೊಬ್ಬರಂತೆ ಸರದಿ ನಿಲ್ಲುತ್ತಾರೆ. ಹಂಡೆಯ ಯಜಮಾನಿಕೆ ಸ್ಲಾವ್ಕಳ ಅಣ್ಣ ಗೆಂಚೊನದು. ಅವನಿಗೆ ಅರವತ್ತೆಂಟು, ಅವಳಿಗೆ ಅರವತ್ತೆರಡು. ಅವನಿಗೆ ಅವಳು ಇನ್ನೂ ಪುಟ್ಟಿ.

"ಬಂದ್ಯಾ ಪುಟ್ಟೀ? ಹುಳ ಹಿಡಿಯೋಕೆ ಬಂದ್ಯೋ, ಅಣ್ಣನ್ನ ನೋಡೋಕೆ ಬಂದ್ಯೋ?" ಎಂದ ಗೆಂಚೊ, ಕೈಯಲ್ಲಿದ್ದ ಸೌಟು ಕೆಳಗಿಡದೆ.

"ಹುಳಕ್ಕೇ ಬಂದೆ. ನಿನ್ನ ನೋಡೋಕೆ ಅಂದ್ರೆ ಸರ್ಕಾರ ಬಸ್ ಚಾರ್ಜ್ ಕೊಡಲ್ಲ."

"ಹಾಗಾದ್ರೆ ಸುಮ್ನೆ ನಿಂತ್ಕೋಬೇಡ. ಹಂಡೆ ತಿಕ್ಕು. ಆ ನಿನ್ನ ಹೆಬ್ಬೆರಳಿನ ಪ್ರತಾಪ ಏನು ಅಂತ ನಾವೂ ಸ್ವಲ್ಪ ನೋಡ್ತೀವಿ."

ಒಂದು ಮನೆಯ ಸರದಿ ಮುಗಿದು ಇನ್ನೊಂದರದು ಶುರುವಾಗುವ ಮೊದಲು ಹಂಡೆ ಫಳಫಳ ಆಗಬೇಕು, ಅದು ಅಲ್ಲಿಯ ಪದ್ಧತಿ. ಸ್ಲಾವ್ಕ ಮೇಲಂಗಿ ಕಳಚಿ, ತೋಳು ಮಡಿಸಿ, ಹಂಡೆಯೊಳಗೆ ಇಳಿದಳು. ವಿನೆಗರ್, ಉಪ್ಪು, ಬೂದಿ ಹಾಕಿ ಬರಿಗಾಲಲ್ಲೇ ತಿಕ್ಕಿದಳು. ಚಿಕ್ಕವಳಿದ್ದಾಗ ಆ ಮನೆಯ ಹೆಣ್ಣುಮಕ್ಕಳ ಪಾಲಿಗೆ ಬಂದಿದ್ದ ಕೆಲಸ ಅದು, ಅವಳಿಗೆ ಬಲು ಇಷ್ಟದ ಕೆಲಸ. ಗೆಂಚೊ ಬುಡದ ಬಿರಡೆ ಕಿತ್ತ. ತೊಳೆದ ನೀರು ಹಸಿರು ಮಿಶ್ರಿತ ನೀಲಿಯಾಗಿ ಕಾಲುವೆಯಲ್ಲಿ ಓಡಿ ಬಿಸ್ತ್ರಾಕ್ಕೆ ಸೇರಿತು. ಹಸಿರು ನೀರು ಬಂತು ಎಂದು ಮಕ್ಕಳು ದಂಡೆಯುದ್ದಕ್ಕೂ ಓಡಿದವು, ಅವಳು ಚಿಕ್ಕಂದಿನಲ್ಲಿ ಓಡುತ್ತಿದ್ದ ಹಾಗೆಯೇ. ನೋಡಿ ಅವಳಿಗೆ ಕಣ್ಣು ತುಂಬಿ ಬಂತು. ಆಮೇಲೆ ಸುಟ್ಟ ಮೆಣಸಿನಕಾಯಿ, ಬಿಳಿ ಚೀಸು, ಬಿಸಿ ರಾಕಿಯಾ ಎರಡು ಲೋಟ. ಮೂರನೆಯದನ್ನು ಕೈಯಡ್ಡ ಹಿಡಿದು ತಡೆದು, ಬಾಟಲಿ ಬಲೆ ಎತ್ತಿಕೊಂಡು ಮಡುವಿಗಿಳಿದು, ಹಾಡು ಗುನುಗುತ್ತ ಹುಳ ಹಿಡಿದಳು.

ಮೂರು ದಿನ ಬಿಟ್ಟು ಆ ಹಾಡು ನಿಂತಿತು.

ಸಂಶೋಧನಾಲಯದ ಆಗಿನ ಮುಖ್ಯಸ್ಥೆ ಮಿಲೆನಾ ಎಂಬ ಮೂವತ್ತಾರರ ಹೆಂಗಸು. ವಿದ್ಯಾರ್ಥಿನಿಯಾಗಿ ಬಂದ ಮೊದಲ ದಿನವೇ ಸ್ಲೈಡು ಒಡೆದು ಅತ್ತವಳನ್ನು ಸಮಾಧಾನ ಮಾಡಿ ಕೆಲಸ ಕಲಿಸಿದ್ದು ಸ್ಲಾವ್ಕಳೇ. ಹಾಗಾಗಿ ಅವಳಿಗೆ ಇವಳು ಸ್ಲಾವ್ಕಕ್ಕ, ಇವಳಿಗೆ ಅವಳು ಮಗಳು. ಕೋಪ ಬಂದಾಗ ಮಾತ್ರ ಡಾಕ್ಟ್ರು.

"ಸ್ಲಾವ್ಕಕ್ಕ, ಇದು ಯಾವ ಹೊಳೇದು?" ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆ ಮಿಲೆನಾ ಕೇಳಿದಳು.

"ಮೇಲೆ ಬರ್ದಿದೆಯಲ್ಲ. ಬಿಸ್ತ್ರಾ, ಶುದ್ಧ."

"ನೀವೇ ಒಂದ್ಸಲ ನೋಡಿ."

ಸ್ಲಾವ್ಕ ನೋಡಿದಳು. ಒಂದನೆಯ ವರ್ಣತಂತು ನಡುವೆ ಮುರಿದಿತ್ತು. ನಾಲ್ಕನೆಯದರ ಉಬ್ಬು ಇರಲೇ ಇಲ್ಲ. ಮುಂದಿನ ಸ್ಲೈಡು ಚೆನ್ನಾಗಿತ್ತು, ಅದರ ಮುಂದಿನದು ಮತ್ತೆ ಹಾಗೆಯೇ. ಸಂಜೆಯ ಹೊತ್ತಿಗೆ ಎಣಿಸಿದರೆ ಕಾರ್ಖಾನೆ ಕೆಳಗಿನ ಹುಳದಲ್ಲಿ ಐವತ್ತಕ್ಕೆ ನಲವತ್ತೊಂದು ಕೆಟ್ಟಿತ್ತು, ಸರಿ. ಆದರೆ ಬಿಸ್ತ್ರಾದ್ದರಲ್ಲಿ ಐವತ್ತಕ್ಕೆ ಹತ್ತೊಂಬತ್ತು. ಹತ್ತೊಂಬತ್ತರ ಮೇಲೂ ಅವಳ ದುಂಡಗಿನ ಅಕ್ಷರ ಶುದ್ಧ ಎಂದು ಹೇಳುತ್ತಿತ್ತು.

ಮಿಲೆನಾ ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದಳು. ಆಮೇಲೆ ಮೆಲ್ಲಗೆ, "ಸ್ಲಾವ್ಕಕ್ಕ, ಬೇಜಾರು ಮಾಡ್ಕೋಬೇಡಿ. ಒತ್ತಿದ್ದು ಒಂಚೂರು ಜಾಸ್ತಿ ಆಯ್ತೇನೋ. ಹೋದ ತಿಂಗ್ಳು ಬೆರಳು ನೋಯ್ತಿದೆ ಅಂತಿದ್ರಲ್ಲ" ಎಂದಳು.

"ಡಾಕ್ಟ್ರೇ," ಎಂದಳು ಸ್ಲಾವ್ಕ, "ನೀವು ಚಿಕ್ಕೋರಿದ್ದಾಗ ಒಡೆದ ಸ್ಲೈಡು ನಲವತ್ತೆರಡು. ನಾನು ಎಣಿಸಿದೀನಿ. ಯಾರಿಗೂ ಹೇಳಿಲ್ಲ."

"ಅಯ್ಯೋ, ನಾನು ಹಾಗಲ್ಲ ಹೇಳಿದ್ದು. ಕೈ ತಪ್ಪಿತು ಅಂತ ಒಂದು ಸಾಲು ಬರೆದ್ರೆ ಮುಗೀತು. ಈ ಐವತ್ತು ಎಸೆದುಬಿಡೋಣ. ಮೇ ತಿಂಗಳದ್ದು ಇದೆಯಲ್ಲ, ಅದನ್ನೇ ತೋರಿಸೋಣ. ಒಪ್ಪಿದ್ರೆ ಒಪ್ಪಲಿ."

ಸ್ಲಾವ್ಕ ಕೋಟು ಹಾಕಿಕೊಂಡು ಹೊರಟಳು. ಅವಳ ಗಂಡ ಪೆಟ್ಕೊ ಟ್ರಾಮ್ ಓಡಿಸಿ ನಿವೃತ್ತನಾದವನು, ಮಾತು ಕಡಿಮೆ. ಅವತ್ತು ಸಂಜೆ ಹೆಂಡತಿ ಅಡುಗೆಮನೆಯ ಮೇಜಿನ ಮೇಲೆ ದ್ರಾಕ್ಷಿ ಸಾಲಾಗಿಟ್ಟು, ಎರಡು ತಟ್ಟೆಗಳ ನಡುವೆ ಒಂದೊಂದನ್ನೇ ಒತ್ತುತ್ತಿರುವುದನ್ನು ಬಾಗಿಲಲ್ಲಿ ನಿಂತು ನೋಡಿದ.

"ಏನಿದು?"

"ಪರೀಕ್ಷೆ."

"ಒಡೀಬೇಕೋ, ಒಡೀಬಾರ್ದೋ?"

"ಸಿಪ್ಪೆ ಬಿರೀಬೇಕು, ಬೀಜ ಆಚೆ ಬರಬಾರ್ದು."

ಪೆಟ್ಕೊ ಪಕ್ಕದಲ್ಲಿ ಕೂತು, ಪರೀಕ್ಷೆ ಮುಗಿದ ದ್ರಾಕ್ಷಿಗಳನ್ನು ಒಂದೊಂದಾಗಿ ತಿಂದು ಮುಗಿಸಿದ. "ಇಪ್ಪತ್ತೇಳು. ಒಂದೂ ತಪ್ಪಿಲ್ಲ" ಎಂದ. ಆ ಮಾತಿಗೆ ಸ್ಲಾವ್ಕಳಿಗೆ ಗಂಡನ ಮೇಲೆ ಹುಟ್ಟಿದ ಪ್ರೀತಿ ಮದುವೆಯಾದ ಹೊಸದರಲ್ಲೂ ಹುಟ್ಟಿರಲಿಲ್ಲವಂತೆ.

ಆದರೂ ನಿಜ ಹೇಳಬೇಕು, ಮಿಲೆನಾ ತೋರಿಸಿದ ದಾರಿ ಅವಳನ್ನು ಸೆಳೆಯದೆ ಇರಲಿಲ್ಲ. ಕೈ ತಪ್ಪಿತು ಎಂದರೆ ಬಿಸ್ತ್ರಾದ ಹೆಸರು ಉಳಿಯುತ್ತದೆ. ಆದರೆ ಬಿಸ್ತ್ರಾದ ಸ್ಲೈಡಿನ ಮೇಲೆ ತಪ್ಪಿದ ಕೈ ಕಾರ್ಖಾನೆಯ ಸ್ಲೈಡಿನ ಮೇಲೆ ತಪ್ಪಿಲ್ಲ ಎಂದು ಯಾರು ನಂಬುತ್ತಾರೆ? ನಾನೂರು ಮನೆಯವರ ಮೆಣಸಿನ ಗಿಡ ಅವಳ ಈ ಒಂದು ಬೆರಳಿಗೆ ಜೋತುಬಿದ್ದಿತ್ತು. ಬೆರಳು ಸರಿ ಎಂದರೆ ತವರಿನ ನೀರು ಕೆಟ್ಟದ್ದು. ನೀರು ಸರಿ ಎಂದರೆ ಬೆರಳು ಕೆಟ್ಟದ್ದು.

ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಆ ಹತ್ತೊಂಬತ್ತು ಸ್ಲೈಡುಗಳನ್ನು ಮತ್ತೆ ಒಂದೊಂದಾಗಿ ನೋಡಿದಳು. ಹನ್ನೊಂದನೆಯದರಲ್ಲಿ ಕೈ ನಿಂತಿತು. ಎರಡನೆಯ ವರ್ಣತಂತುವಿನಲ್ಲಿ ಒಂದು ತುಂಡು ಕಿತ್ತುಹೋಗಿರಲಿಲ್ಲ, ತಲೆಕೆಳಗಾಗಿ ಮತ್ತೆ ಕೂಡಿಕೊಂಡಿತ್ತು. ದಪ್ಪ ಪಟ್ಟೆ ಮೊದಲು, ಆಮೇಲೆ ಎರಡು ಸಣ್ಣ ಪಟ್ಟೆ ಇರಬೇಕಾದಲ್ಲಿ ಸಣ್ಣವು ಮುಂದೆ, ದಪ್ಪದ್ದು ಹಿಂದೆ. ಹದಿನೈದನೆಯದರಲ್ಲೂ ಹಾಗೆಯೇ. ಅವಳು ಕುರ್ಚಿಗೆ ಒರಗಿ ಹೆಬ್ಬೆರಳನ್ನು ಕಣ್ಣ ಮುಂದೆ ಹಿಡಿದು ನೋಡಿಕೊಂಡಳು.

ಮಿಲೆನಾ ಒಳಗೆ ಬಂದೊಡನೆ ಕೈ ಹಿಡಿದು ಎಳೆದು ಕೂರಿಸಿದಳು. "ನೋಡು ಮಗಳೇ. ಹೆಬ್ಬೆರಳು ಪಟ್ಟೆ ಮುರೀಬಹುದು, ಒಪ್ಕೊಳ್ತೀನಿ. ಮುರಿದ ತುಂಡು ತಿರುಗಿಸಿ ಮತ್ತೆ ಹೊಲಿಯೋಕಾಗುತ್ತಾ ಹೆಬ್ಬೆರಳಿಗೆ? ಉಬ್ಬು ಬತ್ತಿಸೋಕಾಗುತ್ತಾ? ಇದು ಹುಳ ಬದುಕಿದ್ದಾಗಲೇ ಆಗಿರೋದು."

ಮಿಲೆನಾ ನೋಡಿದಳು, ಮತ್ತೆ ನೋಡಿದಳು. ಬಾಟಲಿಯಲ್ಲಿ ಉಳಿದಿದ್ದ ಹುಳಗಳಲ್ಲಿ ಹತ್ತನ್ನು ತಾನೇ ಒತ್ತಿದಳು. ಅರ್ಧ ಚಚ್ಚಿಹೋಯಿತು, ಉಳಿದರ್ಧದಲ್ಲಿ ಎರಡರ ಉಬ್ಬು ಬತ್ತಿತ್ತು. "ಕ್ಷಮಿಸಿ ಸ್ಲಾವ್ಕಕ್ಕ," ಎಂದಳು. "ಆದ್ರೆ ನಿಮ್ಮೂರಲ್ಲಿ ಲೋಹ ಎಲ್ಲಿಂದ ಬರುತ್ತೆ? ಅಲ್ಲಿರೋದು ಕುರಿ, ಪ್ಲಮ್ ಮರ. ಈ ಥರ ತಾಮ್ರದಿಂದ ಆಗೋದನ್ನ ನಾನು ಓದಿದೀನಿ. ಗಣಿ ಏನಾದ್ರೂ ಇದ್ಯಾ?"

ತಾಮ್ರ ಎಂಬ ಮಾತು ಕಿವಿಗೆ ಬಿದ್ದದ್ದೇ ಸ್ಲಾವ್ಕ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ವಿನೆಗರ್, ಉಪ್ಪು, ಬೂದಿ. ದಂಡೆಯುದ್ದಕ್ಕೂ ಓಡುವ ಮಕ್ಕಳು. ಹಸಿರು ನೀರು. ಅದು ಯಾಕೆ ಹಸಿರು ಎಂದು ಹುಳದ ಒಳಗನ್ನು ಮೂವತ್ತೆಂಟು ವರ್ಷ ಓದಿದವಳು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಮೇ ತಿಂಗಳಲ್ಲಿ ಹುಳಕ್ಕೆ ಹೋದಾಗ ಭಟ್ಟಿ ತಣ್ಣಗಿರುತ್ತಿತ್ತು, ಚಳಿಗಾಲದ ಮಂಜು ಕರಗಿ ಹೊಳೆಯ ತಳವನ್ನು ತೊಳೆದಿರುತ್ತಿತ್ತು.

"ಗಣಿ ಇಲ್ಲ," ಎಂದಳು. "ನಮ್ಮಣ್ಣ ಇದಾನೆ."

ಮೊದಲು ನಗು ಬಂದದ್ದು ಮಿಲೆನಾಗೆ. ಹಂಡೆಯೊಳಗಿಳಿದು ಕಾಲಲ್ಲಿ ತಿಕ್ಕಿದ್ದು ತಾನೇ ಎಂದು ಸ್ಲಾವ್ಕ ಹೇಳಿದ ಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಮಿಲೆನಾ ಕಣ್ಣೊರೆಸಿಕೊಂಡು, "ಇದನ್ನ ವಿಚಾರಣೇಲಿ ಹೇಳಿದ್ರೆ ನಿಮ್ಮ ಭಟ್ಟಿ ಮುಚ್ಚಿಸಿಬಿಡಬಹುದು" ಎಂದಳು. ಆಗ ನಗು ಪೂರ್ತಿ ಹೋಯಿತು.

ಶನಿವಾರ ಇಬ್ಬರೂ ದ್ರೆಂಕಾಕ್ಕೆ ಹೋದರು, ಮಡಿಲಲ್ಲಿ ಮೈಕ್ರೋಸ್ಕೋಪು ಇಟ್ಟುಕೊಂಡು. ಭಟ್ಟಿಮನೆಗಿಂತ ಮೇಲೆ ಒಂದು ಬಾಟಲಿ ಹುಳ ಹಿಡಿದರು. ಬಿಸ್ತ್ರಾ ದೊಡ್ಡ ಹೊಳೆಗೆ ಸೇರುವಲ್ಲಿ ಒಂದು. ಕಾರ್ಖಾನೆಗೆ ತುಸು ಮೇಲೆ ಒಂದು. ಆಮೇಲೆ ಭಟ್ಟಿಮನೆಯ ಬೆಂಚಿನ ಮೇಲೆ, ಪೀಪಾಯಿಗಳ ನಡುವೆ, ಸ್ಲಾವ್ಕ ಎರಡು ಸ್ಲೈಡು ಇಟ್ಟು ಅಣ್ಣನನ್ನು ಕರೆದಳು.

ಗೆಂಚೊ ಒಂದು ಕಣ್ಣು ಮುಚ್ಚಿ ಬಗ್ಗಿದ. "ಏ, ಇದು ನಮ್ಮಜ್ಜಿ ನೇಯ್ದ ಹಾಸು."

"ಅದು ಭಟ್ಟಿ ಮೇಲಿನ ಹುಳದ್ದು. ಈಗ ಇದನ್ನ ನೋಡು. ಭಟ್ಟಿ ಕೆಳಗಿಂದು."

ಗೆಂಚೊ ನೋಡಿದ. ಹೆಚ್ಚು ಹೊತ್ತು ನೋಡಿದ. "ಇದನ್ನ ನೇಯ್ದೋರು ಕುಡಿದಿದ್ರು" ಎಂದ.

"ಕುಡಿಸಿದ್ದು ನಾವೇ. ಹಂಡೆ ತೊಳೆದ ನೀರು."

"ಸುಮ್ನಿರು ಪುಟ್ಟೀ. ನಮ್ಮಜ್ಜನ ಕಾಲದಿಂದ ಇಲ್ಲಿ ಹಂಡೆ ತೊಳೀತಿದೀವಿ. ಒಂದು ಹುಳಾನಾದ್ರೂ ಬಂದು ದೂರು ಕೊಟ್ಟಿದ್ಯಾ?"

"ಕೊಟ್ಟಿದೆ. ಈಗ ತಾನೇ ನೀನೇ ಓದಿದ್ಯಲ್ಲ."

ಸರದಿಯಲ್ಲಿದ್ದವರೆಲ್ಲ ಬಂದು ಬಗ್ಗಿ ನೋಡಿದರು. ಒಬ್ಬ ಮುದುಕ ಭಟ್ಟಿಗೆ ಬೀಗ ಬೀಳುತ್ತದೆ, ಊರಿನ ಮಗಳೇ ಊರಿಗೆ ಕಲ್ಲು ಹಾಕಿದಳು ಎಂದ. ಸ್ಲಾವ್ಕಳಿಗೆ ಅದು ನಾಟಿತು. ಗೆಂಚೊ ಹಂಡೆಯ ಕೆಳಗಿನ ಬೆಂಕಿಗೆ ಸೌದೆ ಒಡ್ಡಿದ. ಹೊರಡುವಾಗ ಬಸ್ಸಿನವರೆಗೆ ಬಂದು, "ಅಲ್ಲಿ ಹೇಳೇ ಹೇಳ್ತೀಯಾ?" ಎಂದು ಮಾತ್ರ ಕೇಳಿದ.

"ಕೇಳಿದ್ರೆ ಹೇಳ್ತೀನಿ ಅಣ್ಣ. ಸುಳ್ಳು ಹೇಳೋಕೆ ಬರಲ್ಲ ನಂಗೆ."

"ಗೊತ್ತು," ಎಂದ ಗೆಂಚೊ. "ಅಪ್ಪನ ಚಾಕು ಕಳೆದಾಗ್ಲೂ ನೀನೇ ಹೇಳಿದ್ದು, ನಾನೇ ಒದೆ ತಿಂದದ್ದು."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಸ್ಲಾವ್ಕಳಿಗೆ ಅಳು ಬಂದ ಹಾಗೆ ಆಗುತ್ತಿತ್ತು, ಅಣ್ಣ ಒದೆ ತಿಂದದ್ದು ನೆನೆದರೆ ನಗು ಬರುತ್ತಿತ್ತು.

ವಿಚಾರಣೆ ನಡೆದದ್ದು ಪಟ್ಟಣದ ಸಭಾಂಗಣದಲ್ಲಿ. ನಾನೂರು ಮನೆಯವರಲ್ಲಿ ಅರ್ಧ ಜನ ಒಳಗೆ, ಅರ್ಧ ಜನ ಮೆಟ್ಟಿಲ ಮೇಲೆ. ಅಧ್ಯಕ್ಷತೆಗೆ ಕನ್ನಡಕದ ಒಬ್ಬ ಗಂಭೀರ ಅಧಿಕಾರಿಣಿ. ಕಾರ್ಖಾನೆಯ ಪರವಾಗಿ ಬಂದ ವಕೀಲ ತೆಳ್ಳಗಿನ ಮನುಷ್ಯ, ನಯವಾದ ಮಾತು. ಮಿಲೆನಾಳ ವರದಿಯನ್ನು ಅವನು ಪೂರ್ತಿ ಓದಿಕೊಂಡು ಬಂದಿದ್ದ. ಮಿಲೆನಾಳನ್ನು ಬಿಟ್ಟು ಸ್ಲಾವ್ಕಳನ್ನೇ ಎದ್ದು ನಿಲ್ಲಲು ಹೇಳಿದ.

"ಅಮ್ಮಾ, ಇದೆಲ್ಲ ನೀವು ಹೆಬ್ಬೆರಳಲ್ಲಿ ಒತ್ತಿ ಮಾಡೋದಂತೆ. ಯಂತ್ರ ಇಲ್ವಂತೆ. ನಿಮ್ಮ ಹೆಬ್ಬೆರಳಿಗೆ ಎಷ್ಟು ವಯಸ್ಸು?"

"ನನಗಿಂತ ಒಂದು ದಿನಾನೂ ಜಾಸ್ತಿ ಇಲ್ಲ" ಎಂದಳು ಸ್ಲಾವ್ಕ. ಮೆಟ್ಟಿಲ ಮೇಲಿದ್ದವರಿಗೂ ಕೇಳಿಸಿತು. ಬೆರಳಿನಿಂದ ಆಗುವುದು ಏನು, ಆಗದ್ದು ಏನು ಎಂದು ಅವಳು ಮಿಲೆನಾಗೆ ಹೇಳಿದ ಹಾಗೆಯೇ ಅಧಿಕಾರಿಣಿಗೂ ಹೇಳಿದಳು. ಅಧಿಕಾರಿಣಿ ಬರೆದುಕೊಂಡಳು.

ವಕೀಲ ಮುಗುಳ್ನಕ್ಕು ಒಂದು ಸ್ಲೈಡು ಎತ್ತಿ ಹಿಡಿದ. "ಹಾಗಾದ್ರೆ ಇದು? ಬಿಸ್ತ್ರಾ, ಶುದ್ಧ. ನಿಮ್ಮದೇ ಅಕ್ಷರ. ವರದಿ ಪ್ರಕಾರ ಇದ್ರಲ್ಲಿ ಐವತ್ತಕ್ಕೆ ಹತ್ತೊಂಬತ್ತು ಕೆಟ್ಟಿದೆ. ಯಾವ್ದು ಸುಳ್ಳು ಅಮ್ಮಾ? ಚೀಟಿ ಸುಳ್ಳೋ, ಹುಳ ಸುಳ್ಳೋ?"

ಮಿಲೆನಾ ತಲೆ ತಗ್ಗಿಸಿದಳು. ಸ್ಲಾವ್ಕಳ ಕಿವಿ ಕೆಂಪಾಯಿತು.

"ಚೀಟಿ ಸುಳ್ಳು," ಎಂದಳು. "ಹುಳ ನಿಜ. ಚೀಟಿ ನಾನು ನೋಡೋಕೆ ಮುಂಚೆನೇ ಬರ್ದಿಟ್ಟಿದ್ದೆ. ಮೂವತ್ತೆಂಟು ವರ್ಷ ಹಾಗೇ ಬರೀತಿದ್ದೆ. ನಮ್ಮೂರ ಹೊಳೆ ಅಂತ ಜಂಬ."

ಹಂಡೆಯ ವಿಷಯ ಪೂರ್ತಿ ಹೇಳಿದಳು. ಒಳಗಿಳಿದು ತಿಕ್ಕಿದ್ದು ತಾನೇ ಎಂಬುದನ್ನೂ ಬಿಡಲಿಲ್ಲ. ಜನ ನಕ್ಕರು, ವಕೀಲ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟ. "ಅಂದ್ರೆ ವಿಷ ಮೇಲಿನ ಹಳ್ಳಿಯಿಂದ ಬರ್ತಿದೆ ಅಂತ ನೀವೇ ಒಪ್ಪಿದ ಹಾಗಾಯ್ತು."

"ಇನ್ನೂ ಮೂರು ಬಾಟಲಿ ಇದೆ. ಅದನ್ನೂ ಕೇಳಿ," ಎಂದಳು ಸ್ಲಾವ್ಕ. "ಭಟ್ಟಿ ಮೇಲೆ ಐವತ್ತಕ್ಕೆ ಒಂದು. ಭಟ್ಟಿ ಕೆಳಗೆ ಹತ್ತೊಂಬತ್ತು. ದೊಡ್ಡ ಹೊಳೆ ಸೇರೋ ಹೊತ್ತಿಗೆ ಮೂರು. ನಿಮ್ಮ ಕಾರ್ಖಾನೆ ಗೋಡೆ ಮುಟ್ಟೋ ಮುಂಚೆ ನಾಲ್ಕು. ಗೋಡೆ ದಾಟಿದ ಮೇಲೆ ನಲವತ್ತೊಂದು. ಒಂದು ಹಂಡೆ ತೊಳೆದ ನೀರನ್ನೂ ಬಿಡದೆ ಹೇಳೋ ಹುಳ ಸ್ವಾಮಿ ಇದು. ನಿಮ್ಮ ವಿಷಯದಲ್ಲಿ ಯಾಕೆ ಸುಳ್ಳು ಹೇಳುತ್ತೆ?"

ಆಗ ಹಿಂದಿನ ಸಾಲಿನಲ್ಲಿ ಕುರ್ಚಿ ಕಿರುಗುಟ್ಟಿತು. ಗೆಂಚೊ ಎದ್ದು ನಿಂತಿದ್ದ. ಮದುವೆಯಲ್ಲಿ ಹಾಕಿಕೊಂಡಿದ್ದ ಕರಿ ಕೋಟು, ಹೊಟ್ಟೆಯ ಮೇಲೆ ಗುಂಡಿ ಹಾಕಲಾಗದೆ ಹಾಗೇ ಬಿಟ್ಟಿದ್ದ. ಅವನು ಬರುತ್ತಾನೆಂದು ಸ್ಲಾವ್ಕಳಿಗೆ ಗೊತ್ತೇ ಇರಲಿಲ್ಲ.

"ಹಂಡೆ ನಂದು," ಎಂದ. "ನೀರು ಬಿಟ್ಟೋನು ನಾನು. ನನಗಿಂತ ಮುಂಚೆ ನಮ್ಮಪ್ಪ, ಅವರಪ್ಪ. ತಂಗಿ ಬಂದು ತೋರಿಸಿದ್ದು ಒಂದು ಶನಿವಾರ. ಭಾನುವಾರ ಊರವರೆಲ್ಲ ಸೇರಿ ಗುಂಡಿ ತೋಡಿದ್ವಿ. ಸೋಮವಾರ ಅದಕ್ಕೆ ಸುಣ್ಣ ತುಂಬಿದ್ವಿ. ಈಗ ತೊಳೆದ ನೀರು ಒಂದು ಹನೀನೂ ಹೊಳೆಗೆ ಹೋಗಲ್ಲ, ಬಂದು ನೋಡಬಹುದು. ನಮ್ಮ ಹತ್ರ ಇಂಜಿನಿಯರಿಲ್ಲ, ವಕೀಲರೂ ಇಲ್ಲ. ಎರಡು ದಿನ ಸಾಕಾಯ್ತು." ಅವನು ವಕೀಲನ ಕಡೆ ತಿರುಗಿದ. "ನಿಮಗೆ ಎಷ್ಟು ದಿನ ಬೇಕು?"

ವಕೀಲ ಕಾಗದಗಳನ್ನು ಜೋಡಿಸಿಕೊಳ್ಳತೊಡಗಿದ. ಮೆಟ್ಟಿಲ ಮೇಲಿನಿಂದ ಶುರುವಾದ ಚಪ್ಪಾಳೆ ಒಳಗೆ ಬಂತು. ಅಧಿಕಾರಿಣಿ ಕನ್ನಡಕ ತೆಗೆದು, ಅದೇ ಪ್ರಶ್ನೆಯನ್ನು ಇನ್ನೊಂದು ಸಲ, ಈ ಸಲ ಸರ್ಕಾರದ ದನಿಯಲ್ಲಿ ಕೇಳಿದಳು. ನೀರು ಶುದ್ಧ ಮಾಡುವ ತೊಟ್ಟಿ ಕಟ್ಟುವವರೆಗೆ ಹೊಳೆಗೆ ಕೊಳವೆ ಬಿಡಕೂಡದು ಎಂದು ಆದೇಶವಾಯಿತು. ಭಟ್ಟಿಗೆ ಬೀಗ ಬೀಳಲಿಲ್ಲ. ಅಧಿಕಾರಿಣಿ ಗುಂಡಿ ನೋಡಲು ಖುದ್ದಾಗಿ ಬಂದು, ಗೆಂಚೊ ಕೊಟ್ಟ ಒಂದು ಲೋಟವನ್ನು ಬೇಡ ಬೇಡ ಎನ್ನುತ್ತಲೇ ಕುಡಿದು ಹೋದಳಂತೆ.

ಹೊರಗೆ ಬಂದ ಮೇಲೆ ಸ್ಲಾವ್ಕ ಅಣ್ಣನ ಕೋಟಿನ ಕಾಲರು ಸರಿಮಾಡುತ್ತ, "ಯಾಕೆ ಬಂದೆ? ನಾನು ಹೇಳ್ತಿರ್ಲಿಲ್ವಾ?" ಎಂದಳು.

"ಹೇಳ್ತೀಯ ಅಂತ ಗೊತ್ತಿತ್ತು. ಅದಕ್ಕೇ ಬಂದೆ," ಎಂದ ಗೆಂಚೊ. "ಪ್ರತಿ ಸಲ ನೀನು ಹೇಳೋದು, ನಾನು ಒದೆ ತಿನ್ನೋದು. ಈ ಸಲ ನಾನೇ ಹೇಳಿಬಿಟ್ರೆ ಒದೆ ಉಳಿಯುತ್ತೆ ಅಂತ."

ಹೊಸ ವರ್ಷಕ್ಕೆ ಸ್ಲಾವ್ಕ ನಿವೃತ್ತಳಾದಳು. ಹೂವು ಕೊಟ್ಟರು, ಗಡಿಯಾರ ಕೊಟ್ಟರು, ಮಿಲೆನಾ ಭಾಷಣದ ಮಧ್ಯೆ ಅತ್ತಳು. ಆದರೂ ಮೇ ತಿಂಗಳ ಬಿಸ್ತ್ರಾದ ಬಾಟಲಿ ಮೇಜಿನ ಮೇಲೆ ಬಂದಾಗ ಮಿಲೆನಾ ಬೇರೆ ಯಾರ ಕೈಗೂ ಅದನ್ನು ಕೊಡಲಿಲ್ಲ, ಫೋನ್ ಮಾಡಿದಳು. ಸ್ಲಾವ್ಕ ಬಂದಳು. ಜೊತೆಗೆ ಗೆಂಚೊ, ನಗರಕ್ಕೆ ಹನ್ನೆರಡು ವರ್ಷದ ಮೇಲೆ ಬಂದವನು, ಬಗಲಲ್ಲಿ ಚೀಸಿನ ಕಡುಬಿನ ತಟ್ಟೆ ಹಿಡಿದು.

ಕಾರ್ಖಾನೆಯ ಕೆಳಗಿನ ಹುಳದ ಲೆಕ್ಕ ಆಗಲೇ ಆಗಿತ್ತು. ನಲವತ್ತೊಂದು ಇದ್ದದ್ದು ಇಪ್ಪತ್ತಾರಕ್ಕೆ ಇಳಿದಿತ್ತು. ಹೊಳೆಯ ತಳದ ಕೆಸರು ನಿಧಾನವಾಗಿ ತೊಳೆದು ಹೋಗುತ್ತದೆ, ಇನ್ನೂ ಇಳಿಯುತ್ತದೆ ಎಂದಳು ಮಿಲೆನಾ. ಸ್ಲಾವ್ಕ ಕೈ ತೊಳೆದು, ಬೆರಳು ಬಿಸಿ ಮಾಡಿಕೊಂಡು ಕೂತಳು. ಎರಡು ದಿನ ಹಿಡಿಯಿತು. ಗೆಂಚೊ ಪಕ್ಕದ ಕುರ್ಚಿಯಲ್ಲಿ ಕೂತು, ಪ್ರತಿ ಸ್ಲೈಡಿಗೂ ನಾನೂ ನೋಡುತ್ತೇನೆ ಎಂದು ಹಠ ಹಿಡಿದು, ನೋಡಿ ತಲೆದೂಗಿದ. ನಾಲ್ಕನೆಯದರ ಉಬ್ಬುಗಳು ಅರಳಿಕೊಂಡು ಕೂತಿದ್ದವು.

ಐವತ್ತೂ ಮುಗಿದ ಮೇಲೆ ಸ್ಲಾವ್ಕ ಪೆನ್ನು ತೆಗೆದುಕೊಂಡು ಮೊದಲ ಚೀಟಿ ಬರೆದಳು. ಹೊಳೆಯ ಹೆಸರು, ತಾರೀಖು, ‘ಐವತ್ತಕ್ಕೆ ಎರಡು’. ಅಷ್ಟು ಬರೆದು ಅಂಟಿಸಿ ಎರಡನೆಯದನ್ನು ಎತ್ತಿಕೊಂಡಳು.

ಗೆಂಚೊ ಬಗ್ಗಿ ಓದಿದ. "ಯಾಕೆ ಪುಟ್ಟೀ, ಶುದ್ಧ ಅಂತ ಬರೆಯಲ್ವಾ? ಅಷ್ಟು ಕಷ್ಟಪಟ್ಟು ಗುಂಡಿ ತೋಡಿದೀವಿ."

"ಅದನ್ನ ಹುಳ ಹೇಳಿ ಆಯ್ತಲ್ಲ ಅಣ್ಣ," ಎಂದಳು ಸ್ಲಾವ್ಕ. "ನಾನ್ಯಾಕೆ ಮಧ್ಯೆ ಬಾಯಿ ಹಾಕ್ಲಿ."

ಅವಳು ಉಳಿದ ನಲವತ್ತೊಂಬತ್ತು ಚೀಟಿಗಳನ್ನೂ ಹಾಗೆಯೇ ಬರೆದಳು. ಗೆಂಚೊ ಒಂದೊಂದನ್ನೇ ನಾಲಿಗೆಗೆ ತಾಗಿಸಿ ಒದ್ದೆ ಮಾಡಿ ಅವಳ ಕೈಗೆ ಕೊಡುವ ಬದಲು ತಾನೇ ಸ್ಲೈಡಿಗಿಟ್ಟು, ತನ್ನ ದಪ್ಪ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ಅಂಟಿಸಿದ. ಒಂದೂ ಒಡೆಯಲಿಲ್ಲ.